ಹಲಗೆಯ ಕೆಳಗಿನ ಖರ್ಚು

ಪುಟ್ಟೀ, ಮನೆಯ ಹಿಂದೆ ಕಟ್ಟಿಸಬೇಕೆಂದಿರುವ ಡೆಕ್ಕಿಗೆ, ಅಂದರೆ ಮರದ ಜಗಲಿಗೆ, ನೀನು ಕಳಿಸಿದ ಮೂರೂ ಕೊಟೇಶನ್‌ಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ಮೂರರಲ್ಲೂ ಮೊದಲ ಪುಟದ ತುಂಬ ಹಲಗೆಯ ಬಣ್ಣಗಳೇ ಇವೆ. ಕಂಬದ ಗುಂಡಿ ಎಷ್ಟು ಆಳ ತೋಡುತ್ತಾರೆ ಅಂತ ಹುಡುಕಿದೆ, ಒಬ್ಬರು ಮಾತ್ರ ಬರೆದಿದ್ದಾರೆ. ಡೆಕ್ಕನ್ನು ಮನೆಗೆ ಹೇಗೆ ಕೂಡಿಸುತ್ತಾರೆ ಅನ್ನುವುದಕ್ಕೆ ಎರಡರಲ್ಲಿ ಒಂದೊಂದು ಸಾಲು, ಮೂರನೆಯದರಲ್ಲಿ ಏನೂ ಇಲ್ಲ. ನೀನು ಕೇಳಿದ್ದು, "ಮಾವ, ಕಂಪೋಸಿಟ್ ಹಾಕಿಸಲೋ, ಮರ ಹಾಕಿಸಲೋ?" ಅಂತ. ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾನೂ ಅದನ್ನೇ ಮೊದಲು ಕೇಳಿ ಕೆಟ್ಟೆ. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

1998ರಲ್ಲಿ ನಾವು ಮಿಶಿಗನ್ನಿನ ಈ ಮನೆಯ ಹಿಂದೆ ಡೆಕ್ ಕಟ್ಟಿಸಿದೆವು. ಕಾರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವನು ನಾನು, ಒಂದು ಬೋಲ್ಟಿನ ಬಗ್ಗೆ ಅರ್ಧ ದಿನ ಮೀಟಿಂಗ್ ಮಾಡುತ್ತಿದ್ದವನು. ಮನೆಯ ವಿಷಯಕ್ಕೆ ಬಂದಾಗ ಮಾತ್ರ ಹಲಗೆಯ ಚೆಂದಕ್ಕೆ ಮರುಳಾದೆ. ಊರಿನ ಮನೆಯ ಜಗಲಿ ನೆನಪಾಗಿ, ಕೆಂಪು ಸೀಡರ್ ಹಲಗೆಯೇ ಬೇಕು ಅಂತ ಹಟ ಹಿಡಿದೆ. ಇದ್ದ ದುಡ್ಡೆಲ್ಲ ಮೇಲಿನ ಹಲಗೆಗೆ ಹೋಯಿತು. ಕೆಳಗಿನದನ್ನು ಕಾಂಟ್ರಾಕ್ಟರ್‌ಗೆ ಬಿಟ್ಟೆ. ಅವನು ಮನೆಯ ಗೋಡೆಗೆ ತಾಗಿಸಿ ಕೂರಿಸುವ ಉದ್ದನೆಯ ತೊಲೆಯನ್ನು, ಇಲ್ಲಿ ಲೆಡ್ಜರ್ ಅನ್ನುತ್ತಾರಲ್ಲ ಅದನ್ನು, ಬರೀ ಮೊಳೆ ಹೊಡೆದು ನಿಲ್ಲಿಸಿದ. ಅದರ ಮೇಲೆ ನೀರು ಒಳಕ್ಕೆ ಇಳಿಯದ ಹಾಗೆ ಮಡಚಿ ಹಾಕುವ ತಗಡಿನ ಪಟ್ಟಿ, ಅಂದರೆ ಫ್ಲ್ಯಾಶಿಂಗ್, ಹಾಕಲೇ ಇಲ್ಲ. ನಾನು ಕೇಳಲೂ ಇಲ್ಲ.

ಹನ್ನೆರಡು ವರ್ಷ ಏನೂ ಗೊತ್ತಾಗಲಿಲ್ಲ. 2010ರ ವಸಂತದಲ್ಲಿ ಬೇಸ್‌ಮೆಂಟಿನ ಗೋಡೆಯ ಮೇಲ್ತುದಿಯಲ್ಲಿ ಕಂದು ಕಲೆ ಕಂಡಿತು. ಮೇಲೆ ಕೈ ಹಾಕಿ ನೋಡಿದೆ, ಒದ್ದೆ. ಸ್ಕ್ರೂಡ್ರೈವರ್ ತಂದು ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು, ಹಾಲಿನಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ. ಹನ್ನೆರಡು ಮಳೆಗಾಲದ, ಹನ್ನೆರಡು ಚಳಿಗಾಲದ ನೀರು ಲೆಡ್ಜರಿನ ಹಿಂದೆ ಇಳಿದು, ಮನೆಯ ಅಂಚಿನ ತೊಲೆಯನ್ನೇ ತಿಂದಿತ್ತು. ಹಿಂದಿನ ಆಗಸ್ಟಿನಲ್ಲಿ ಅದೇ ಡೆಕ್ಕಿನ ಮೇಲೆ ನಾಮಕರಣದ ಊಟಕ್ಕೆ ಮೂವತ್ತು ಜನ ನಿಂತಿದ್ದರು. ಅದರಲ್ಲಿ ಎರಡು ತಿಂಗಳ ಕೂಸು ಇತ್ತು, ನಿನ್ನ ಅಜ್ಜಿ ಇದ್ದರು. ಆ ಕೊಳೆತ ಕಂಡ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರಿಪಡಿಸಲು ಆದ ಖರ್ಚು ಡೆಕ್ಕಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಕಟ್ಟಿಸುವಾಗಲೇ ಹಾಕಿದ್ದರೆ ಆ ತಗಡಿನ ಪಟ್ಟಿಗೆ ಐವತ್ತು ಡಾಲರ್ ಕೂಡ ಆಗುತ್ತಿರಲಿಲ್ಲ.

ಈ ದೇಶದಲ್ಲಿ ಕುಸಿದು ಬೀಳುವ ಡೆಕ್ಕುಗಳಲ್ಲಿ ಬಹುಪಾಲು ಮನೆಗೆ ಕೂಡುವ ಜಾಗದಲ್ಲೇ ಕಿತ್ತುಕೊಂಡು ಬೀಳುತ್ತವೆ. ಹಲಗೆ ಮುರಿದು ಬೀಳುವುದು ಅಪರೂಪ. ಮರದ ಕಟ್ಟು ಅನ್ನುವುದನ್ನು ಹಗುರಾಗಿ ತಗೋಬಾರದು. ಶಿಕಾಗೋದಲ್ಲಿ 2003ರ ಜೂನ್ 29ರಂದು ಒಂದು ಪಾರ್ಟಿಯ ಹೊತ್ತಿಗೆ ಮನೆಯ ಹಿಂದಿನ ಮರದ ಪೋರ್ಚುಗಳು ಒಂದರ ಮೇಲೊಂದು ಕುಸಿದು 13 ಜನ ಸತ್ತರು, ಎಲ್ಲ ಎಳೆಯ ಪ್ರಾಯದವರು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಾಲ್ಕನಿ ಕಳಚಿ ಆರು ಜನ ಹೋದರು. ಅಲ್ಲಿ ನೀರು ಇಳಿದು ಒಳಗಿನ ತೊಲೆ ಕೊಳೆತಿತ್ತು. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ನೀನು ಮಾಡುವ ಬಜೆಟ್ಟಿನ ಮೊದಲ ಸಾಲು ಯಾವುದಾಗಬೇಕು ಅಂತ ಹೇಳುತ್ತಿದ್ದೇನೆ.

ನಿನ್ನ ಮನೆಯ ಹಿಂಗೋಡೆಯ ಫೋಟೋ ನೋಡಿದೆ. ಕೆಳಗಿನ ಅಂತಸ್ತಿಗೆ ಇಟ್ಟಿಗೆ ಇದೆ. ಅದು ಊರಿನ ಮನೆಯ ಹಾಗೆ ಭಾರ ಹೊರುವ ಇಟ್ಟಿಗೆ ಗೋಡೆ ಅಲ್ಲ, ಮರದ ಗೋಡೆಯ ಮುಂದೆ ಒಂದು ಇಂಚು ಸಂದು ಬಿಟ್ಟು ನಿಲ್ಲಿಸಿದ ತೋರಿಕೆಯ ಇಟ್ಟಿಗೆ. ಅದರ ಮೇಲೆ ಲೆಡ್ಜರ್ ಕೂರಿಸಿ ಡೆಕ್ಕಿನ ಭಾರ ಹಾಕುವ ಹಾಗಿಲ್ಲ. ನಿನಗೆ ಬಂದಿರುವ ಅತಿ ಕಡಿಮೆ ಕೊಟೇಶನ್ನಿನಲ್ಲಿ 'ಇಟ್ಟಿಗೆಗೆ ಬೋಲ್ಟ್' ಅಂತ ಬರೆದಿದೆ. ಆ ಕಾಗದವನ್ನು ಪಕ್ಕಕ್ಕಿಡು. ಅವನು ಅರ್ಧ ಬೆಲೆಗೆ ಮಾಡಿಕೊಟ್ಟರೂ ಬೇಡ. ನಿನ್ನ ಡೆಕ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಮನೆಯ ಕಡೆಗೂ ಒಂದು ಸಾಲು ಕಂಬ ಬೇಕು. ಮನೆಗೆ ಹತ್ತಿರದ ಮಣ್ಣು ಬೇಸ್‌ಮೆಂಟ್ ಕಟ್ಟಿದ ಮೇಲೆ ತುಂಬಿದ ಮಣ್ಣು, ಅದು ಕುಸಿಯುತ್ತದೆ. ಹಾಗಾಗಿ ಅಲ್ಲಿನ ಗುಂಡಿಗಳು ಗಟ್ಟಿ ನೆಲ ಸಿಗುವವರೆಗೆ, ಸುಮಾರು ಮನೆಯ ಅಡಿಪಾಯದ ಮಟ್ಟಕ್ಕೇ ಹೋಗಬೇಕಾಗುತ್ತದೆ. ಇಲ್ಲವೇ ಆ ಸಾಲನ್ನು ಮನೆಯಿಂದ ಐದಾರು ಅಡಿ ಹೊರಗೆ ತಂದು, ತೊಲೆಯ ತುದಿಯನ್ನು ಮನೆಯತ್ತ ಚಾಚಲು ಆಗುತ್ತದೆಯೇ ಅಂತ ಲೆಕ್ಕ ತಿಳಿದವರು ನೋಡಿ ಹೇಳಬೇಕು. ಎರಡರಲ್ಲಿ ಯಾವುದಾದರೂ ಖರ್ಚು ಏರುತ್ತದೆ. ಅದನ್ನು ಈಗಲೇ ಒಪ್ಪಿಕೊಂಡು ಲೆಕ್ಕ ಬರಿ.

ಉಳಿದ ಕಂಬಗಳ ಗುಂಡಿ 42 ಇಂಚು ಆಳ. ನಮ್ಮ ಕಡೆ ನೆಲ ಅಷ್ಟು ಆಳದವರೆಗೂ ಹೆಪ್ಪುಗಟ್ಟಬಹುದು ಅಂತ ಲೆಕ್ಕ. ತೀರ್ಥಹಳ್ಳಿಯ ಜಂಬಿಟ್ಟಿಗೆ ನೆಲದಲ್ಲಿ ಬೆಳೆದ ನಮಗೆ ಇದು ಥಟ್ಟನೆ ತಲೆಗೆ ಹೋಗುವುದಿಲ್ಲ. ಇಲ್ಲಿಯದು ಜೇಡಿಮಣ್ಣು. ನೀರು ಹೀರಿಕೊಂಡು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಉಬ್ಬಿದಾಗ ಮೇಲಿನ ಕಾಂಕ್ರೀಟನ್ನೂ ಕಂಬವನ್ನೂ ಎತ್ತುತ್ತದೆ. ಎಲ್ಲ ಕಂಬ ಒಂದೇ ಸಮ ಏಳುವುದಿಲ್ಲ. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಡೆಕ್ ಒಂದು ಕಡೆ ವಾಲುತ್ತದೆ. ಕಾಂಕ್ರೀಟ್ ಹಾಕುವ ಮೊದಲು ಊರಿನ ಇನ್‌ಸ್ಪೆಕ್ಟರ್ ಬಂದು ಗುಂಡಿ ಅಳೆದು ನೋಡುತ್ತಾರೆ. ಪರ್ಮಿಟ್ ತಗೊಂಡರೆ ಇದೊಂದು ಕಣ್ಣು ನಿನಗೆ ಸಿಗುತ್ತದೆ. "ಪರ್ಮಿಟ್ ಬೇಡ, ಫೀಸು ಉಳಿಯುತ್ತದೆ" ಅನ್ನುವ ಕಾಂಟ್ರಾಕ್ಟರ್ ಆ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿದ್ದಾನೆ. ಮಿಶಿಗನ್ನಿನಲ್ಲಿ 600 ಡಾಲರ್ ಮೀರಿದ ಮನೆಗೆಲಸಕ್ಕೆ ಲೈಸನ್ಸ್ ಬೇಕು. ಅದರ ನಂಬರ್ ಕೇಳಿ ರಾಜ್ಯದ ವೆಬ್‌ಸೈಟಿನಲ್ಲಿ ನೋಡು. ಜೊತೆಗೆ ಇನ್ಶೂರೆನ್ಸ್ ಕಾಗದ, ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ ಒಪ್ಪಿಗೆ.

ಈಗ ಅಳತೆ. ನೀನು 16 ಅಡಿಗೆ 20 ಅಡಿ ಅಂತಿದ್ದೀಯ. 320 ಚದರ ಅಡಿ. ನಾನು ಹೇಳುವುದು 12ಕ್ಕೆ 16, ಅಂದರೆ 192. ನೀನು ಕೇಳುವುದು ಅದಕ್ಕಿಂತ ಮೂರನೇ ಎರಡು ಪಾಲು ಹೆಚ್ಚು. ಮನೆಯಿಂದ ಹೊರಕ್ಕೆ 16 ಅಡಿ ಚಾಚಿದರೆ ತೊಲೆ ಇನ್ನೂ ದಪ್ಪ ಆಗಬೇಕು, ಇಲ್ಲವೇ ಇನ್ನೊಂದು ಸಾಲು ಕಂಬ ಬೇಕು. ಆರು ಕುರ್ಚಿ ಹಾಕಿ, ಎಳೆದು ಕೂರಲು ಜಾಗ ಬಿಟ್ಟು, ಒಂದು ಊಟದ ಮೇಜಿಗೆ ಹತ್ತಡಿಗೆ ಹನ್ನೆರಡು ಅಡಿ ಸಾಕು. ವರ್ಷಕ್ಕೊಮ್ಮೆ ಬರುವ ಐವತ್ತು ಜನರಿಗಾಗಿ ಕಟ್ಟಬೇಡ. ಐವತ್ತು ಜನ ಬಂದ ದಿನ ಅರ್ಧ ಜನ ಹುಲ್ಲಿನ ಮೇಲೆ ಕೂರುತ್ತಾರೆ, ಮಕ್ಕಳಂತೂ ಅಲ್ಲೇ ಇರುತ್ತಾರೆ. ಎಲ್ಲರೂ ಫೋಟೋಗೆ ಅಂತ ಒಟ್ಟಿಗೆ ನಿಂತರೆ ಏನು ಅನ್ನುವುದನ್ನು ಮಾತ್ರ ಯೋಚಿಸು. ಡೆಕ್ಕಿನ ಲೆಕ್ಕ ಚದರ ಅಡಿಗೆ 40 ಪೌಂಡ್ ಭಾರ. 192 ಚದರ ಅಡಿಗೆ 7,680 ಪೌಂಡ್, ಸುಮಾರು 3,500 ಕಿಲೋ. ತಲೆಗೆ 70 ಕಿಲೋ ಅಂತ ಹಿಡಿದರೆ ಐವತ್ತು ಜನ. ಕೆಳಗಿನದು ಸರಿಯಾಗಿದ್ದರೆ ಚಿಕ್ಕ ಡೆಕ್ಕೂ ಅಷ್ಟು ಜನರನ್ನು ಹೊರುತ್ತದೆ. ಸರಿ ಇಲ್ಲದಿದ್ದರೆ ದೊಡ್ಡದೂ ಹೊರುವುದಿಲ್ಲ.

ದುಡ್ಡಿನ ಮಾತು. ಈ ವರ್ಷ ನಿನ್ನ ಕೈಯಲ್ಲಿ ಎಷ್ಟಿದೆ ಅಂತ ನಾನು ಕೇಳುವುದಿಲ್ಲ. ಆದರೆ ನಿನಗೆ ಮನೆ ಮಾರಿದ ಹಳೆಯ ಮಾಲೀಕರು ಕಟ್ಟುತ್ತಿದ್ದ ಪ್ರಾಪರ್ಟಿ ಟ್ಯಾಕ್ಸ್ ನೋಡಿ ಮುಂದಿನ ವರ್ಷದ ಲೆಕ್ಕ ಹಾಕಬೇಡ. 1995ರಿಂದ ಈ ರಾಜ್ಯದಲ್ಲಿ ಮನೆ ಒಬ್ಬರ ಕೈಯಲ್ಲೇ ಇರುವವರೆಗೆ ತೆರಿಗೆಯ ಮೌಲ್ಯ ವರ್ಷಕ್ಕೆ ಒಂದು ಮಿತಿಯೊಳಗೆ ಮಾತ್ರ ಏರುತ್ತದೆ. ಮನೆ ಮಾರಾಟವಾದರೆ ಮರುವರ್ಷ ಆ ಮಿತಿ ಕಳಚಿ, ಮಾರುಕಟ್ಟೆ ಮೌಲ್ಯದ ಅರ್ಧಕ್ಕೆ ಒಮ್ಮೆಲೇ ಜಿಗಿಯುತ್ತದೆ. ಇಲ್ಲಿ ಹೊಸ ಮನೆ ತಗೊಂಡ ನಮ್ಮ ಹುಡುಗರು ಎಷ್ಟೋ ಜನ ಆ ಬಿಲ್ ನೋಡಿ ಕಂಗಾಲಾಗಿ ನನಗೆ ಫೋನ್ ಮಾಡಿದ್ದಾರೆ. ಡೆಕ್ ಕಟ್ಟಿದರೆ ಅದೂ ಆ ಮೌಲ್ಯಕ್ಕೆ ಸೇರುತ್ತದೆ. ಮೊದಲು ಆ ತೆರಿಗೆಗೆ ತೆಗೆದಿಡು, ಆಮೇಲೆ ಹೀಟರ್, ಚಾವಣಿ ಇವಕ್ಕೆ ಒಂದಷ್ಟು. ಉಳಿದದ್ದು ಡೆಕ್ಕಿನದು. ಅದರಲ್ಲೂ ನೂರಕ್ಕೆ ಹದಿನೈದು ಮುಟ್ಟದೆ ಇಟ್ಟುಕೋ. ನೆಲ ಅಗೆದಾಗ ಏನು ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ಕ್ರೆಡಿಟ್ ಕಾರ್ಡಿನ ಮೇಲೆ ಡೆಕ್ ಕಟ್ಟಬೇಡ, ಪುಟ್ಟೀ. ನಿನ್ನ ಅಮ್ಮ ಅಡಿಕೆ ಮಾರಿದ ದುಡ್ಡು ಬರುವವರೆಗೆ ಹಂಚು ಬದಲಿಸದೆ ಒಂದು ಮಳೆಗಾಲ ಸೋರುವ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕಳೆದವಳು. ಅವಳ ಮಗಳು ಒಂದು ಬೇಸಿಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕಾಯಬಲ್ಲಳು.

ಮರದ ಬೆಲೆ ಸಂತೆಯ ಬೆಲೆಯ ಹಾಗೆ. 2021ರ ಮೇ ತಿಂಗಳಲ್ಲಿ ಸಾವಿರ ಬೋರ್ಡ್ ಅಡಿಗೆ 1,600 ಡಾಲರ್ ದಾಟಿತ್ತು. ಆ ಹೊತ್ತಿಗೆ ಅವಸರಪಟ್ಟು ಕಟ್ಟಿಸಿದವರು, ಒಂದು ವರ್ಷ ತಡೆದವರು ಇಬ್ಬರನ್ನೂ ನಾನು ಬಲ್ಲೆ. ಕೊಟೇಶನ್ ಎಷ್ಟು ದಿನ ನಿಲ್ಲುತ್ತದೆ ಅಂತ ಬರೆಸಿಕೋ. ಸಾಮಾನು ಬೇರೆ, ಕೂಲಿ ಬೇರೆ ಸಾಲಿನಲ್ಲಿ ಇರಲಿ. ಸುಮಾರಾಗಿ ಅರ್ಧದಷ್ಟು ಕೂಲಿಗೇ ಹೋಗುತ್ತದೆ. ಅದಕ್ಕೇ ಅಗ್ಗದ ಸಾಮಾನು ಹಾಕಿಸಿದರೂ ಒಟ್ಟು ಖರ್ಚು ನೀನು ನೆನೆಸಿದಷ್ಟು ಇಳಿಯುವುದಿಲ್ಲ. ಮೂರನೇ ಒಂದಕ್ಕಿಂತ ಹೆಚ್ಚು ಮುಂಗಡ ಕೊಡಬೇಡ, ಕೊನೆಯ ಹತ್ತನೇ ಒಂದು ಪಾಲು ಕೊನೆಯ ಇನ್‌ಸ್ಪೆಕ್ಷನ್ ಮುಗಿಯುವವರೆಗೆ ನಿನ್ನ ಹತ್ತಿರವೇ ಇರಲಿ. ಕಾಂಟ್ರಾಕ್ಟರ್ ಮರದ ಅಂಗಡಿಗೆ ದುಡ್ಡು ಕಟ್ಟದಿದ್ದರೆ ಅಂಗಡಿಯವರು ನಿನ್ನ ಮನೆಯ ಮೇಲೆ ಲೀನ್, ಅಂದರೆ ಬಾಕಿ ವಸೂಲಿಯ ಹಕ್ಕು, ಹೂಡಬಹುದು. ಹಣ ಕೊಡುವಾಗಲೆಲ್ಲ ಆ ಹಕ್ಕು ಬಿಟ್ಟುಕೊಡುವ ಲೀನ್ ವೇವರ್‌ಗೆ ಸಹಿ ಹಾಕಿಸಿಕೋ.

ಈಗ ನಿನ್ನ ಪ್ರಶ್ನೆ. ಮೇಲೆ ಏನೇ ಹಾಕಿದರೂ ಕೆಳಗಿನ ಕಂಬ, ತೊಲೆ ಎಲ್ಲ ಪ್ರೆಷರ್ ಟ್ರೀಟೆಡ್ ಮರವೇ. ಕಂಪೋಸಿಟ್ ಡೆಕ್ಕಿನಲ್ಲೂ ಹಾಗೆಯೇ. ಕಂಪೋಸಿಟ್ ಹಲಗೆ ಭಾರ ಹೊರುವ ಎಲುಬಲ್ಲ, ಮೇಲಿನ ಚರ್ಮ. ತೊಲೆಗೆ ಹಾಕುವ ಮರ ಮಣ್ಣಿಗೆ ತಾಗಿದರೂ ತಾಳುವ 'ಗ್ರೌಂಡ್ ಕಾಂಟ್ಯಾಕ್ಟ್' ದರ್ಜೆಯದೇ ಇರಲಿ, ತುದಿಯಲ್ಲಿ ಹೊಡೆದಿರುವ ಚೀಟಿಯಲ್ಲಿ ಬರೆದಿರುತ್ತದೆ. ಇದು ಅಮೆರಿಕದ ದಕ್ಷಿಣದ ಪೈನ್ ಮರ. ನಮ್ಮ ಊರಿನ ಆಚಾರ್ರು ಮರದ ಹೊರಗಿನ ಬಿಳಿ ಭಾಗ ಕೆತ್ತಿ ಎಸೆದು ಚೇಗು ಮಾತ್ರ ಇಟ್ಟುಕೊಳ್ಳುತ್ತಿದ್ದರು, ಗೆದ್ದಲಿಗೆ ಬಿಳಿ ಭಾಗವೇ ರುಚಿ ಅಂತ. ಈ ಪೈನ್‌ನಲ್ಲಿ ಉಲ್ಟಾ. ಒತ್ತಡದಲ್ಲಿ ತಳ್ಳಿದ ಔಷಧಿಯನ್ನು ಚೆನ್ನಾಗಿ ಕುಡಿಯುವುದು ಬಿಳಿ ಭಾಗ, ಚೇಗು ಕುಡಿಯುವುದಿಲ್ಲ.

ಆ ಔಷಧಿಯಲ್ಲಿ ಮೊದಲು ಆರ್ಸೆನಿಕ್ ಇತ್ತು. 2003ರ ಕೊನೆಯಿಂದ ಮನೆ ಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದರು. ಪಕ್ಕದ ಮನೆಯವರು ಹಳೆಯ ಡೆಕ್ ಕೀಳುತ್ತಿದ್ದಾರೆ, ಆ ಹಲಗೆಯಲ್ಲಿ ಮೆಂತ್ಯ, ಬಸಳೆಗೆ ಪಾತಿ ಮಾಡುತ್ತೇನೆ ಅಂದೆಯಲ್ಲ, ಬೇಡ. ಆ ಮರವನ್ನು ಸುಡಲೂ ಬಾರದು, ಬೂದಿಯಲ್ಲಿ ವಿಷ ಉಳಿಯುತ್ತದೆ. ಈಗಿನ ಔಷಧಿಯಲ್ಲಿ ತಾಮ್ರ ಜಾಸ್ತಿ. ಅದರಿಂದ ನಮಗೆ ತೊಂದರೆ ಕಡಿಮೆ, ಮೊಳೆಗೆ ತೊಂದರೆ ಹೆಚ್ಚು. ತಾಮ್ರ ಸಾಧಾರಣ ಉಕ್ಕನ್ನು ತಿನ್ನುತ್ತದೆ, ಅಲ್ಯುಮಿನಿಯಂ ತಗಡನ್ನೂ ತಿನ್ನುತ್ತದೆ. ಸ್ಕ್ರೂ, ಬೋಲ್ಟ್, ತೊಲೆ ಕೂರುವ ಹ್ಯಾಂಗರ್ ಎಲ್ಲ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಆಗಿರಬೇಕು ಅಂತ ಒಪ್ಪಂದದಲ್ಲೇ ಬರೆಸು. ಇಡೀ ಡೆಕ್ಕಿಗೆ ಇದರಿಂದ ಕೆಲವು ನೂರು ಡಾಲರ್ ಹೆಚ್ಚಾಗಬಹುದು. ನನ್ನ ಪಾಲಿಗೆ ಡೆಕ್ಕಿನಲ್ಲಿ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಕಂಪೋಸಿಟ್ ಅಂದರೆ ಮರದ ಪುಡಿ ಮತ್ತು ಬಹಳ ಕಡೆ ಮರುಬಳಕೆಯ ಪ್ಲಾಸ್ಟಿಕ್ಕು ಬೆರೆಸಿ ಒತ್ತಿದ ಹಲಗೆ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಸಿಬರು ಏಳುವುದಿಲ್ಲ, ಬಣ್ಣ ಹಚ್ಚುವ ಕೆಲಸ ಇಲ್ಲ, 25 ವರ್ಷದ ವಾರಂಟಿ ಕೊಡುತ್ತಾರೆ. ವಾರಂಟಿ ಹಲಗೆಗೆ ಮಾತ್ರವೋ, ಬದಲಿಸುವ ಕೂಲಿಗೂ ಉಂಟೋ ಓದಿ ನೋಡು. ಬೆಲೆ ಟ್ರೀಟೆಡ್ ಹಲಗೆಯ ಎರಡು ಮೂರು ಪಟ್ಟು. ಬಿಸಿಲಿಗೆ ಬಹಳ ಕಾಯುತ್ತದೆ, ಗಾಢ ಬಣ್ಣವಾದರೆ ಜುಲೈ ಮಧ್ಯಾಹ್ನ ಬರಿಗಾಲು ಇಡಲಾಗದು. ನಮ್ಮವರು ಮನೆಯೊಳಗೆ ವಾಸನೆ ಬೇಡ ಅಂತ ಕರಿಯುವ ಒಲೆಯನ್ನು ಡೆಕ್ಕಿಗೆ ತಂದಿಡುತ್ತಾರೆ. ಕಂಪೋಸಿಟ್ ಆಗಲಿ ಮರ ಆಗಲಿ, ಕೊತ ಕೊತ ಕುದಿಯುವ ಎಣ್ಣೆಯ ಬಾಣಲೆ ಅಲ್ಲಿ ಬೇಡ. ಹೋಮದ ಕುಂಡವೂ ಬೇಡ, ದೀಪಾವಳಿಯ ಹೂಕುಂಡವೂ ಬೇಡ. ಪ್ಲಾಸ್ಟಿಕ್ ಕರಗುತ್ತದೆ, ಮರ ಹೊತ್ತಿಕೊಳ್ಳುತ್ತದೆ. ಮೆಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ನಾಲ್ಕು ಕಾಂಕ್ರೀಟ್ ಚಪ್ಪಡಿ ಹಾಸಿಸು, ಬೆಂಕಿಯ ಕೆಲಸವೆಲ್ಲ ಅಲ್ಲಿ ನಡೆಯಲಿ.

ಬ್ರೆಜಿಲ್ಲಿನ ಈಪೇ ಮರ ತೋರಿಸಿದ್ದೀಯ. ನೀರಿನಲ್ಲಿ ಹಾಕಿದರೆ ಮುಳುಗುವಷ್ಟು ಗಟ್ಟಿ, ಅಜ್ಜ ನೋಡಿದ್ದರೆ ಕೈಯಾಡಿಸಿ ಕೂರುತ್ತಿದ್ದರು. ಅದರ ಕಾಡು ಬರಿದಾಗುತ್ತಿದೆ ಅಂತಲೇ 2024ರ ನವೆಂಬರ್‌ನಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ ಮಾಡಿದ್ದಾರೆ. ಬಿಡು ಅದನ್ನು.

ನನ್ನ ಸಲಹೆ ಇಷ್ಟು. ಎಲುಬು ಎಲ್ಲ ಮೊದಲ ದರ್ಜೆಯದು ಮಾಡಿಸು, ಮೇಲೆ ಈಗ ಟ್ರೀಟೆಡ್ ಪೈನ್ ಹಲಗೆಯೇ ಇರಲಿ. ಹದಿನೈದು ವರ್ಷಕ್ಕೆ ಅದು ಸವೆದಾಗ ಹಲಗೆ ಕಿತ್ತು ಕಂಪೋಸಿಟ್ ಹಾಕಿಸಬಹುದು. ಹಲಗೆ ಬದಲಿಸುವುದು ಒಂದು ವಾರದ ಕೆಲಸ, ತೊಲೆ ಬದಲಿಸುವುದೆಂದರೆ ಹೊಸ ಡೆಕ್ಕೇ. ಅದಕ್ಕಾಗಿ ತೊಲೆಗಳನ್ನು 16 ಇಂಚಿಗೊಂದರ ಬದಲು 12 ಇಂಚಿಗೊಂದು ಕೂರಿಸು. ಮುಂದೆ ಯಾವ ಹಲಗೆಯನ್ನು ಯಾವ ಕೋನದಲ್ಲಿ ಹಾಕಿದರೂ ಬಾಗದು. 16 ಅಡಿ ಉದ್ದಕ್ಕೆ 13 ತೊಲೆ ಬೇಕಾದ ಕಡೆ 17 ಆಗುತ್ತವೆ, ನಾಲ್ಕು ತೊಲೆಯ ಖರ್ಚು ಅಷ್ಟೇ. ಪ್ರತಿ ತೊಲೆಯ ತಲೆಗೂ ನೀರು ಇಳಿಯದ ಅಂಟುಪಟ್ಟಿ ಹಾಕಿಸು. ಹಲಗೆಯ ಲೆಕ್ಕವನ್ನು ನೀನೇ ಮಾಡು. 12 ಅಡಿ ಅಂದರೆ 144 ಇಂಚು, 'ಆರಿಂಚು' ಅಂತ ಮಾರುವ ಹಲಗೆಯ ನಿಜವಾದ ಅಗಲ ಐದೂವರೆ. ಹದಿನಾರು ಅಡಿಯ 27 ಹಲಗೆ, ಹಾಳಾಗುವುದಕ್ಕೆ ಮೂರು ಸೇರಿಸಿ 30. ಕೊಟೇಶನ್ನಿನಲ್ಲಿ 40 ಇದ್ದರೆ ಯಾಕೆ ಅಂತ ಕೇಳು. ಅಂಗಡಿಯಿಂದ ಬರುವ ಟ್ರೀಟೆಡ್ ಹಲಗೆ ಹಸಿಯಾಗಿ ಭಾರವಾಗಿರುತ್ತದೆ, ಒಣಗಿದಾಗ ಕುಗ್ಗಿ ತಾನೇ ಸಂದು ಬಿಡುತ್ತದೆ, ಹಾಗಾಗಿ ಒತ್ತೊತ್ತಾಗಿ ಹಾಕಬೇಕು. ಕೂಡಲೇ ಸ್ಟೇನ್ ಹಚ್ಚಬೇಡ. ಕೆಲವು ವಾರ ಬಿಟ್ಟು ಮೇಲೆ ನೀರಿನ ಹನಿ ಹಾಕು, ಮುತ್ತಿನಂತೆ ನಿಂತರೆ ಇನ್ನೂ ಕಾಯಬೇಕು, ಹೀರಿಕೊಂಡರೆ ಹಚ್ಚಬಹುದು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ನಿನಗೂ ಅಳಿಯಂದಿರಿಗೂ ಒಂದು ಶನಿವಾರ, ಭಾನುವಾರದ ಕೆಲಸ. ನಾನೂ ಬರುತ್ತೇನೆ.

ಇನ್ನು ಮೆಟ್ಟಿಲು. ಮೇ ತಿಂಗಳಲ್ಲಿ ನಿನ್ನ ಅಮ್ಮ ಬರುತ್ತಾಳೆ, ಅವಳ ಮಂಡಿಯ ಸ್ಥಿತಿ ನಿನಗೆ ಗೊತ್ತು. ನಿನ್ನ ಡೆಕ್ಕಿನ ಎತ್ತರ 48 ಇಂಚು. ಇಷ್ಟು ಎತ್ತರಕ್ಕೆ ಸಾಮಾನ್ಯವಾಗಿ ಏಳು ಏರು ಮಾಡುತ್ತಾರೆ, ಒಂದೊಂದು ಏಳು ಇಂಚಿನ ಹತ್ತಿರ. ನೀನು ಎಂಟು ಮಾಡಿಸು. ಸರಿಯಾಗಿ ಆರಾರು ಇಂಚು. ಕಾಲಿಡುವ ಅಗಲ ಹತ್ತರ ಬದಲು ಹನ್ನೆರಡು ಇಂಚು. ಕೆಳಗೆ ಏಳು ಅಡಿ ಜಾಗ ಹಿಡಿಯುತ್ತದೆ, ನಿನ್ನ ಹಿತ್ತಲಲ್ಲಿ ಅಷ್ಟಿದೆ. ಎರಡೂ ಕಡೆ ಹಿಡಿದುಕೊಳ್ಳಲು ಮುಷ್ಟಿಗೆ ಸಿಗುವಂಥ ಕೈಪಟ್ಟಿ. ಡೆಕ್ 30 ಇಂಚಿಗಿಂತ ಎತ್ತರ ಇರುವುದರಿಂದ ಕಟಾಂಜನ ಕಡ್ಡಾಯ, 36 ಇಂಚು ಎತ್ತರ, ಸರಳುಗಳ ನಡುವೆ ನಾಲ್ಕಿಂಚಿನ ಚೆಂಡು ತೂರಬಾರದು. ಆ ಅಳತೆ ಇಟ್ಟಿರುವುದು ಮಗುವಿನ ತಲೆ ಸಿಕ್ಕಿಕೊಳ್ಳಬಾರದು ಅಂತ. ನಿನ್ನ ಮನೆಗೂ ಅದು ಬೇಕಾಗುವ ಕಾಲ ಬರುತ್ತದೆ.

ನೆಲ ಅಗೆಯುವ ಮೊದಲು, ಸೋಮವಾರ 811ಕ್ಕೆ ಫೋನ್ ಮಾಡು, ದುಡ್ಡಿಲ್ಲ. ಗ್ಯಾಸಿನ ಕೊಳವೆಗೆ ಹಳದಿ, ಕರೆಂಟಿಗೆ ಕೆಂಪು, ನೀರಿಗೆ ನೀಲಿ ಅಂತ ಹುಲ್ಲಿನ ಮೇಲೆ ಗುರುತು ಹಾಕಿ ಹೋಗುತ್ತಾರೆ. ಆ ಗುರುತು ಬಂದ ಮೇಲಿನ ಶನಿವಾರ ನಾನು ಹಗ್ಗ, ನಾಲ್ಕು ಗೂಟ, ಟೇಪು ತರುತ್ತೇನೆ. 12ಕ್ಕೆ 16 ಕಟ್ಟಿ ನಿನ್ನ ಊಟದ ಮೇಜನ್ನು ಅದರೊಳಗೆ ತಂದಿಡೋಣ. ಅಲ್ಲೇ ಕೂತು ಕಾಫಿ ಕುಡಿದು, ಸಾಲದು ಅನ್ನಿಸಿದರೆ ಹಗ್ಗ ಬಿಚ್ಚಿ ಇನ್ನೆರಡು ಅಡಿ ಸರಿಸಿ ನೋಡು. ಉಳಿದ ಎರಡು ಕೊಟೇಶನ್‌ನವರಿಗೆ ಅಷ್ಟರೊಳಗೆ ಬರೆದು ಕೇಳು, ಮನೆಯ ಕಡೆಯ ಕಂಬ ಎಲ್ಲಿ, ಗುಂಡಿ ಎಷ್ಟು ಆಳ ಅಂತ. ಉತ್ತರವನ್ನು ಕಾಗದದಲ್ಲೇ ಕೊಡಲಿ.